ನೌಕಾಪಡೆಗೆ ಹೋಗದ ಹುಡುಗನ ಅಮ್ಮ

ಹಡ್ಸನ್ ನದಿ ಕಂಡ ಗೈಡ್‌ಗಳಲ್ಲೆಲ್ಲ ಮಹಾದಡ್ಡ ನಾನೇ. ಅಮೆರಿಕದ ಮೊದಲ ಅಧ್ಯಕ್ಷರ ಬಾಲ್ಯದ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ, ಬಿದ್ದ ಚಪ್ಪಾಳೆಗೆ ಕೈಮುಗಿದು ನಿಂತವನು. ಹೋದ ವರ್ಷ ಅಕ್ಟೋಬರ್. ನ್ಯೂಯಾರ್ಕ್‌ನ ಪ್ರವಾಸಿ ದೋಣಿಯೊಂದರಲ್ಲಿ ನನಗೆ ವಾರಾಂತ್ಯದ ಕೆಲಸ.

ಅಂದು ಈಸ್ಟ್ ಬ್ರನ್ಸ್‌ವಿಕ್‌ನ ಕನ್ನಡ ಕುಟುಂಬಗಳು ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿದಿದ್ದವು. ಮಂಜಿನಲ್ಲಿ ಮ್ಯಾನ್‌ಹಟನ್ ಯಾರೋ ಅರ್ಧ ಅಳಿಸಿದ ಚಿತ್ರದಂತೆ ತೇಲುತ್ತಿತ್ತು. ಪುಳಿಯೋಗರೆಯ ಪರಿಮಳಕ್ಕೆ ನಾನೂ ತೇಲುತ್ತಿದ್ದೆ. ಡಬ್ಬಿಗಳೆಲ್ಲ ಆಂಟಿಯರ ವಶದಲ್ಲಿದ್ದುದರಿಂದ, ಅಮ್ಮಂದಿರನ್ನು ಹೊಗಳುವ ಕಥೆಯನ್ನೇ ಆರಿಸಿಕೊಂಡೆ.

"ಹುಡುಗನಿಗೆ ಹದಿನಾಲ್ಕು. ಅಣ್ಣ ನೇವಿಗೆ ಸೇರ್ಸೋಕೆ ಎಲ್ಲಾ ಅರೇಂಜ್ ಮಾಡಿದ್ದ. ಅಮ್ಮ ಬೇಡ ಅಂದ್ಲು. ದೇಶಕ್ಕೊಬ್ಬ ಪ್ರೆಸಿಡೆಂಟ್ ಸಿಕ್ಕ. ಅದಕ್ಕೇ ಅಮ್ಮನ ಮಾತು ಕೇಳ್ಬೇಕು."

ಮುಂದೆ ಕೂತಿದ್ದ ಸುಧಾ ಆಂಟಿ ಮಗಳತ್ತ ತಿರುಗಿದರು. "ಕೇಳಿದ್ಯಾ ಅನನ್ಯಾ? ಇನ್ನು ಆ ವಿಷಯ ಎತ್ಬೇಡ."

ಹದಿನೇಳರ ಅನನ್ಯಾ ನೇರ ನನ್ನ ಬಳಿ ಬಂದಳು. "ಥ್ಯಾಂಕ್ಸ್ ಎ ಲಾಟ್, ಬ್ರೋ. ಹಡಗಿನ ಆಫೀಸರ್ ಆಗೋ ಕಾಲೇಜಲ್ಲಿ ಸೀಟ್ ಸಿಕ್ಕಿದೆ. ಮಂಡೇ ಆನ್ಸರ್ ಕೊಡ್ಬೇಕು. ಅಮ್ಮ ಆಲ್ಮೋಸ್ಟ್ ಎಸ್ ಅಂದಿದ್ರು."

ಮತ್ತೆ ಮೈಕ್ ಹಿಡಿದು ಉಳಿದರ್ಧ ಹೇಳಿದೆ. ನೇವಿ ತಪ್ಪಿದ ಹುಡುಗ ಮನೆಯಲ್ಲಿ ಕೂರಲಿಲ್ಲ. ಜಮೀನು ಅಳೆಯುವ ಸರ್ವೇ ಕಲಿತು ಹದಿನಾರಕ್ಕೇ ಬೆಟ್ಟಕಾಡು ಹೊಕ್ಕ. ಆಮೇಲೆ ಗಡಿಯ ಯುದ್ಧಕ್ಕೆ ಹೋದ. ಅಲ್ಲಿಗೂ ಅಮ್ಮ ಬೆಣ್ಣೆ ಬೇಕೆಂದು ಬರೆದಳು. ಇಲ್ಲಿ ಬೆಣ್ಣೆ ಸಿಗದಮ್ಮಾ ಎಂದು ಮಗ ಉತ್ತರಿಸಿದ.

ಎಲ್ಲರೂ ನಕ್ಕರು. ಸುಧಾ ಆಂಟಿ ಮಾತ್ರ ನೀರನ್ನೇ ನೋಡುತ್ತಿದ್ದರು. ದೋಣಿ ನಿಂತಂತೆಯೂ ದಡವೇ ಮೆಲ್ಲಗೆ ಹರಿದು ಹೋಗುತ್ತಿರುವಂತೆಯೂ ಕಂಡಿತು.

ಇಳಿಯುವಾಗ ಅವರು ನನ್ನ ಮುಂದೆ ನಿಂತರು. "ಆ ಹುಡುಗನ ಅಪ್ಪ?"

"ತೀರ್ಕೊಂಡಿದ್ರು ಆಂಟಿ. ಇವನಿಗಾಗ ಹನ್ನೊಂದು."

"ಅಂದ್ರೆ ಅವಳು ಬೇಡ ಅಂದಾಗ ಗಂಡ ಹೋಗಿ ಮೂರೇ ವರ್ಷ." ಶಾಲು ಸರಿಮಾಡಿಕೊಂಡರು. "ನಮ್ಮನೆಯವ್ರು ಹೋಗಿನೂ ಅಷ್ಟೇ ವರ್ಷ ಆಯ್ತು. ಇವಳನ್ನ ಕಳಿಸ್ತೀನಪ್ಪ, ಎಲ್ಲಿ ತಡೆಯೋಕಾಗತ್ತೆ. ನೀನು ಮಾತ್ರ ಆ ತಾಯಿ ಕಥೆ ಹೇಳಿ ಜನರನ್ನ ನಗಿಸ್ಬೇಡ."