ನಾಷ್ಟಾ ಆದ ಮೇಲಿನ ಮಾತ್ರೆ

"ಇವು ಉಳದಾವ ಸಿಸ್ಟರ್, ಯಾರಿಗರ ಬಡವರಿಗಿ ಕೊಡ್ರಿ" ಎನ್ನುತ್ತ ಆ ತಾಯಿ ನನ್ನ ಮೇಜಿನ ಮೇಲೆ ಮಾತ್ರೆಗಳ ಪೊಟ್ಟಣ ಇಟ್ಟರು. ಭಾಲ್ಕಿಯ ಟೇಲರ್ ಮಹಬೂಬ್ ಸಾಬರ ಹೆಂಡತಿ. ಗಂಡ ತೀರಿಕೊಂಡ ಮೇಲಿನ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಸಿ, ಮೊದಲ ಸಲ ಹೊಸ್ತಿಲು ದಾಟಿ ಬೀದರಿನ ನಮ್ಮ ಆಸ್ಪತ್ರೆಗೇ ಬಂದಿದ್ದರು.

ಸಾಬರ ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದು ನಮ್ಮಲ್ಲೇ. ಚೆನ್ನಾಗಿಯೇ ನಡೆದುಕೊಂಡು ಹೋದವರು ರಂಜಾನ್ ತಿಂಗಳಲ್ಲಿ, ಅದೇ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ತೀರಿಕೊಂಡಿದ್ದರು.

ಹಾಗೆ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳೇ ಅವು. ಒಂದು ದಿನವೂ ತಪ್ಪಿಸುವಂತಿರಲಿಲ್ಲ. ಅವರು ತೀರಿಕೊಂಡ ದಿನದ ಲೆಕ್ಕಕ್ಕೆ ಉಳಿಯಬಾರದಷ್ಟು, ಎರಡು ಪಟ್ಟಿ ಒಡೆಯದೆ ಉಳಿದಿದ್ದವು.

"ಇಷ್ಟ್ಯಾಕ ಉಳದಾವ್ರಿ?" ಎಂದೆ.

"ಮುಂಜಾನಿ ನಾಷ್ಟಾ ಆದ ಮ್ಯಾಲ ತಗೋರಿ ಅಂತ ನೀವೇ ಹೇಳಿದ್ರಲ್ರಿ. ರೋಜಾದಾಗ ನಾಷ್ಟಾ ಎಲ್ಲಿರ್ತದ್ರಿ?"

ಅದು ದೂರುವ ದನಿಯಾಗಿರಲಿಲ್ಲ. ನನ್ನ ಮಾತನ್ನು ಗಂಡ ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದು ನನಗೇ ಒಪ್ಪಿಸುತ್ತಿದ್ದರು. ನಸುಕಿನ ಸಹರಿ ಊಟದ ಜೊತೆ ನುಂಗಿರಿ ಎಂದು ಅವರನ್ನು ಮನೆಗೆ ಕಳಿಸಿದ ದಿನವೇ ನಾನು ಹೇಳಿದ್ದರೆ ಸಾಕಿತ್ತು. ಚರ್ಚಿನ ಓಣಿಯವಳಾದ ನಾನು ಪ್ರತಿ ಈದಿಗೂ ಪಕ್ಕದ ಮನೆಯ ಶೀರ್‌ಖುರ್ಮಾ ತಿಂದು ಬೆಳೆದವಳು. ಆದರೂ ಆ ದಿನ ನನಗೆ ರೋಜಾ ನೆನಪಾಗಲಿಲ್ಲ.

ಈಗ ಮಾತ್ರೆ ಕೊಡುವಾಗ ಯಾರೇ ಇರಲಿ, ಉಪವಾಸ ಇದೆಯೇ ಎಂದು ಮೊದಲು ಕೇಳುತ್ತೇನೆ. ಆ ಎರಡು ಪಟ್ಟಿಗಳು ಇನ್ನೂ ನನ್ನ ಡ್ರಾಯರಿನಲ್ಲಿವೆ. ಯಾರಿಗೂ ಕೊಡಲು ಕೈ ಬಂದಿಲ್ಲ.