ಏರಿಂಗ್ ಕಬರ್ಡಿನ ಬಿಯರ್

ಇಂಗ್ಲಿಷರ ಊರು ಸ್ಟಾಕ್‌ಪೋರ್ಟ್‌ಗೆ ಬಂದ ಎರಡನೆಯ ಶನಿವಾರ. ಬೆಳಿಗ್ಗೆ ಹನ್ನೊಂದಕ್ಕೇ ಪಕ್ಕದ ಮನೆಯ ಜೆಫ್ ಬಾಗಿಲು ತಟ್ಟಿ, ಹೆಸರೂ ಕೇಳದೆ, ಒಂದು ಲೋಟ ಮಸುಕು ಬಿಯರ್ ನನ್ನ ಕೈಗಿಟ್ಟ. "ಡಾಕ್ಟರ್ ಗಂಡ ಅಲ್ವಾ ನೀವು? ಕುಡಿದು ನೋಡಿ, ಏನು ಕೆಟ್ಟಿದೆ ಹೇಳಿ." ತುಮಕೂರಿನಲ್ಲಿ ಹೊಸಬರ ಮನೆಗೆ ಹೀಗೆ ಹೋಗಿದ್ದರೆ ಇಡೀ ಬೀದಿ ಕಿಟಕಿಗೆ ಬರುತ್ತಿತ್ತು.

ಡಾಕ್ಟರ್ ಗಂಡ. ಬಡಾವಣೆಯ ಜಿಪಿ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬೀದಿಯಲ್ಲಿ, ನಾನು ಅಷ್ಟೇ. ಫ್ರಿಜ್ಜಿನ ಮೇಲೆ ಹೆಂಡತಿ ಸುಮಾಳ ರೋಟಾ, ಅಂದರೆ ಆಸ್ಪತ್ರೆಯ ಪಾಳಿಪಟ್ಟಿ. ನನ್ನ ಊಟ, ನಿದ್ದೆಯೂ ಅದರ ಪ್ರಕಾರವೇ. ಊರಿನ ಬ್ರೆಡ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಹಿಟ್ಟು ಉಬ್ಬಿಸಿದವನು ಇಲ್ಲಿ ಬಟ್ಟೆ ಮಡಚುತ್ತಿದ್ದೆ. ಕೂತಲ್ಲಿ ಕೂರಲಾಗದೆ ರೈಲು ಹತ್ತಿ ಪಕ್ಕದ ನಗರದ ಪಿಕಡಿಲಿ ನಿಲ್ದಾಣಕ್ಕೆ ಹೋಗಿ, ಸುಮ್ಮನೆ ವಾಪಸ್ ಬರುತ್ತಿದ್ದೆ.

ಹಾಗಾಗಿ ಜೆಫ್ ತನ್ನ ಬಿಯರ್ ಕ್ಲಬ್ಬಿಗೆ ಕರೆದಾಗ ಎರಡನೇ ಮಾತಾಡಲಿಲ್ಲ. ಚರ್ಚ್ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸೇರುವ ಹತ್ತು ಜನ. ಮುಂದಿನ ಸಲ ಎಲ್ಲರೂ ಮನೆಯಲ್ಲೇ ಮಾಡಿದ, ಹಣ್ಣು ಹಾಕಿದ ಗೋಧಿ ಬಿಯರ್ ತರಬೇಕಿತ್ತು. ನಾನು ಮಾವು ಎಂದು ಜೆಫ್‌ಗೆ ಹೇಳಿದೆ. ನಮ್ಮ ಬಾದಾಮಿ ಮಾವಿನ ತಿರುಳು ಇಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ತಲೆ ತಿಂದದ್ದು ಯಾವ ಯೀಸ್ಟ್ ಹಾಕಬೇಕೆಂಬುದು.

"ಅಮೆರಿಕದ್ದು ಹಾಕು. ಅದು ಬಾಯಿ ಮುಚ್ಕೊಂಡಿರುತ್ತೆ, ಹಣ್ಣು ಮಾತಾಡುತ್ತೆ" ಎಂದ ಜೆಫ್. ಜರ್ಮನಿಯದು ಹಾಗಲ್ಲ, ತಾನೇ ಲವಂಗ, ಬಾಳೆಹಣ್ಣಿನ ಪರಿಮಳ ಬಿಡುತ್ತದೆ. ಬಾಯಿ ಮುಚ್ಚಿಕೊಂಡಿದ್ದು ನನಗೆ ಸಾಕಾಗಿತ್ತು. ಜರ್ಮನ್ ಪ್ಯಾಕೆಟ್ಟನ್ನೇ ಕತ್ತರಿಸಿದೆ.

ಎಡವಿದ್ದು ಆಮೇಲೆ. ಇಲ್ಲಿನ ಹಳೆಯ ಮನೆಗಳಲ್ಲಿ ಏರಿಂಗ್ ಕಬರ್ಡ್ ಎಂದಿರುತ್ತದೆ. ಬಿಸಿನೀರಿನ ಹಂಡೆಯ ಪಕ್ಕ ಬಟ್ಟೆ ಒಣಗಿಸುವ ಬೀರು. ಕನ್ನಡದವರ ಮನೆಯಲ್ಲಿ ಅಲ್ಲಿ ದೋಸೆ ಹಿಟ್ಟು ಹುಳಿ ಬರುತ್ತದೆ. ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಬಿಯರಿನ ಡಬ್ಬವನ್ನೂ ಇಟ್ಟೆ. ಹುಳಿ ಬರಬೇಕಾದದ್ದು ಬೆಚ್ಚಗಿರಬೇಕೆಂದು ಹುಟ್ಟಿನಿಂದ ಕಂಡವನು, ಬೇರೆ ಯೋಚನೆಯೇ ಬರಲಿಲ್ಲ. ಆ ಯೀಸ್ಟಿಗೆ ಬೇಕಿದ್ದದ್ದು ಮೆಟ್ಟಿಲ ಕೆಳಗಿನ ತಂಪು. ಸೆಕೆಯಾದಷ್ಟೂ ಅದು ಬಾಳೆಹಣ್ಣು ಕಾರುತ್ತದೆ. ಬಾಟಲಿಗೆ ತುಂಬುವಾಗ ವಾಸನೆ ಮೂಗಿಗೆ ಬಡಿಯಿತು. ದಿನ ಕಳೆದರೆ ಇಳಿದೀತು ಎಂದುಕೊಂಡೆ.

ಇಳಿಯಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಬ್ರೆಂಡಾ ಮೊದಲ ಗುಟುಕಿಗೇ "ಬಾಳೆಹಣ್ಣು! ಎಷ್ಟು ಹಾಕಿದ್ರಿ?" ಎಂದಳು. ಮಾವಿನ ಸುಳಿವೇ ಇರಲಿಲ್ಲ. ಕೆಟ್ಟುಹೋಯಿತು ಎಂದು ಒಪ್ಪಿಕೊಂಡರೆ ಮತ್ತೆ ಡಾಕ್ಟರ್ ಗಂಡನಾಗಿ ಮನೆಗೆ ಹೋಗಬೇಕು.

"ಒಂದು ಡಜನ್. ನಮ್ಮಜ್ಜಿ ಹೀಗೇ ಮಾಡ್ತಿದ್ರು" ಎಂದುಬಿಟ್ಟೆ.

ಏಕಾದಶಿ ಬಂದರೆ ಕಾಫಿಯನ್ನೂ ಮುಟ್ಟದಿದ್ದ ನನ್ನಜ್ಜಿ! ಬ್ರೆಂಡಾ ನನ್ನ ಹೆಸರನ್ನು ಅಕ್ಷರ ಬಿಡಿಸಿ ಕೇಳಿಕೊಂಡು ಅಂದು ಎಲ್ಲರಿಗೂ ಹಿಡಿಸಿದ ಬಿಯರಿನವರ ಬೋರ್ಡಿನ ಮೇಲೆ ಬರೆದಳು: ಶ್ರೀಕಂಠ. ನನ್ನ ಕಸದ ಬಿನ್ನಿನಲ್ಲಿ ಮಾವಿನ ಡಬ್ಬಿಗಳನ್ನು ನೋಡಿದ್ದ ಜೆಫ್ ಕಣ್ಣು ಮಿಟುಕಿಸಿದ.

"ಅಜ್ಜೀನಾ? ಸ್ವಲ್ಪನಾದ್ರೂ ಗಿಲ್ಟ್ ಇಲ್ವೇನೋ ನಿಂಗೆ?" ಎಂದು ಮನೆಯಲ್ಲಿ ಕತೆ ಕೇಳಿದ ಸುಮಾ ಬಿದ್ದು ಬಿದ್ದು ನಕ್ಕಳು. ಇತ್ತು, ಆದರೆ ಬೋರ್ಡಿನ ಮೇಲಿನ ಹೆಸರಿನ ಖುಷಿ ಅದಕ್ಕಿಂತ ದೊಡ್ಡದಿತ್ತು.

ಈಗ ಬೀದಿಯಲ್ಲಿ ಜನ ಹೆಸರು ಹಿಡಿದು ಕರೆಯುತ್ತಾರೆ, ಅಜ್ಜಿಯ ಬಿಯರ್ ಮತ್ತೆ ಯಾವಾಗ ಎನ್ನುತ್ತಾರೆ. ಮೂರನೇ ಸಲ ಮಾಡುತ್ತಿದ್ದೇನೆ, ಈಗ ಬೇಕೆಂದೇ ಅದೇ ಬೀರುವಿನಲ್ಲಿ ಇಟ್ಟು. ಅಜ್ಜಿ ನಿಜವಾಗಿ ಮಾಡುತ್ತಿದ್ದದ್ದು ಬಾಳೆಹಣ್ಣಿನ ರಸಾಯನ. ಅದರ ಪರಿಮಳ ಹೇಗಿತ್ತೆಂದು ನೆನೆಸಿಕೊಳ್ಳಲು ನಿನ್ನೆ ಕೂತೆ. ಎಷ್ಟು ಹೊತ್ತು ಕೂತರೂ ಬಂದದ್ದು ಬಿಯರಿನದೇ.