ಸೆಕೆಯೇ ಆಗದ ಮನುಷ್ಯ

ಡೇಗು ಊರಿನವರಿಗೆ ತಮ್ಮ ಸೆಕೆಯ ಮೇಲೆ ಇರುವಷ್ಟು ಅಭಿಮಾನ ತಮ್ಮ ಬೇಸ್‌ಬಾಲ್ ತಂಡದ ಮೇಲೂ ಇರಲಿಕ್ಕಿಲ್ಲ. ಬೇರೆ ಯಾವುದೋ ಊರಿನಲ್ಲಿ ಇವತ್ತು ದೇಶದಲ್ಲೇ ಹೆಚ್ಚು ಬಿಸಿಲು ಎಂದು ಟೀವಿಯಲ್ಲಿ ಬಂದರೆ ಇಲ್ಲಿನ ಮುದುಕರು ಮನೆಯಲ್ಲಿ ಕಳ್ಳತನವಾದವರಂತೆ ಮುಖ ಮಾಡಿಕೊಳ್ಳುತ್ತಾರೆ. ಸೆಕೆ ಅಳೆಯುವ ಯಂತ್ರವನ್ನು ಆ ಊರಿನವರು ಒಲೆಯ ಪಕ್ಕ ಇಟ್ಟಿರಬೇಕು ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ.

ಇಂಥ ಊರಿನ ಒಂದು ಓಣಿಯಲ್ಲಿ ಪ್ಯೋ ಗಿಲ್‌ಸು ಎಂಬುವನು ಸೆಕೆಯೇ ಆಗದ ಮನುಷ್ಯ ಎಂದು ಹೆಸರಾಗಿದ್ದ. ಮೂವತ್ತು ವರ್ಷ, ಊರವರು ದುಡ್ಡು ಕೊಟ್ಟು ಮೀಯುವ ಸ್ನಾನದಂಗಡಿಯೊಂದರ ನೆಲಮಾಳಿಗೆಯಲ್ಲಿ ಬಾಯ್ಲರ್ ನೋಡಿಕೊಂಡವನು. ಓಣಿಯಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಬಾಯ್ಲರ್ ಎಂದು. ಆ ಬೆಂಕಿಯ ಮುಂದೆ ಅಷ್ಟು ಕಾಲ ನಿಂತವನಿಗೆ ಸೂರ್ಯ ಯಾವ ಲೆಕ್ಕ ಎಂದು ಜನ ತಾವೇ ತೀರ್ಮಾನ ಮಾಡಿಕೊಂಡರು. ಗಿಲ್‌ಸು ಮೊದಲು ಅದನ್ನು ಅಲ್ಲಗಳೆಯಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪ ಒಪ್ಪಿಕೊಂಡ. ಕೊನೆಗೆ ಕೇಳದವರಿಗೂ ತಾನೇ ಹೇಳತೊಡಗಿದ. ಬಾಯ್ಲರ್ ಕೋಣೆಯಲ್ಲಿ ತಾನು ಹೆಚ್ಚು ಹೊತ್ತು ಕಳೆಯುತ್ತಿದ್ದದ್ದು ಬೀದಿಗೆ ತೆರೆಯುವ ಗಾಳಿಕಿಂಡಿಗೆ ಮುಖ ಕೊಟ್ಟು ಎಂಬ ವಿಷಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದನ್ನು ಯಾರೂ ಕೇಳಿರಲೂ ಇಲ್ಲ.

ಬೇಸಿಗೆಯಲ್ಲಿ ಮಧ್ಯಾಹ್ನವಾಗುತ್ತಲೇ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚುತ್ತಿದ್ದವು. ತೀವ್ರ ಬಿಸಿಲು, ಹಿರಿಯರು ಹೊರಗೆ ಹೋಗಬಾರದು, ನೀರು ಕುಡಿಯಬೇಕು ಎಂದು ಸರ್ಕಾರದ ಸಂದೇಶ. ಓಣಿಯ ಮುದುಕರು ಹೊತ್ತು ಕಳೆಯಲು ಸೇರುವ, ತುದಿಯ ಹಿರಿಯರ ಮನೆಯಲ್ಲಿ ಇಸ್ಪೀಟು ಆಡುತ್ತ ಕುಳಿತ ಗಿಲ್‌ಸು ಆಗ ಎಲೆಗಳನ್ನು ಕೆಳಗಿಟ್ಟು ಮೇಲೇಳುತ್ತಿದ್ದ.

"ಸರಿಯಪ್ಪ, ಕರೆ ಬಂತು. ನಾನಿನ್ನು ತಾರಸಿಗೆ ಹೋಗಿ ಮೆಣಸಿನಕಾಯಿ ಮಗುಚಿ ಬರ್ತೀನಿ."

"ಈ ಬಿಸಿಲಲ್ಲಾ?" ಎಂದು ಯಾರಾದರೂ ಕೇಳಲೇಬೇಕು. ಕೇಳುವವರೆಗೂ ಅವನು ಚಪ್ಪಲಿ ಹುಡುಕುತ್ತಲೇ ಇರುತ್ತಿದ್ದ.

"ಬಿಸಿಲಾ? ಎಲ್ಲಿ?"

ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆ ಬೇಕಾದ ಕೆಂಪು ಮೆಣಸಿನಕಾಯಿಯನ್ನು ಓಣಿಯವರೆಲ್ಲ ಆಗಸ್ಟ್ ತಿಂಗಳಲ್ಲಿ ತಾರಸಿಯ ಮೇಲೆ ಹರಡುತ್ತಿದ್ದರು. ಯಂತ್ರದಲ್ಲಿ ಒಣಗಿಸಿದ್ದಕ್ಕೆ ಆ ಬಣ್ಣ ಬರುವುದಿಲ್ಲ. ನಡುಮಧ್ಯಾಹ್ನ ಮಗುಚಿದರೇ ಎರಡೂ ಬದಿ ಸಮನಾಗಿ ಒಣಗುವುದು ಎಂದು ಗಿಲ್‌ಸು ಸಾರಿದ್ದ. ಅವನ ಮೆಣಸಿನಕಾಯಿಯ ಬಣ್ಣ ನೋಡಿ ಎಲ್ಲರೂ ನಂಬಿದ್ದರು.

ಆದರೆ ಹಿರಿಯರ ಮನೆಯಿಂದ ಹೊರಟ ಗಿಲ್‌ಸು ತಾರಸಿ ಹತ್ತುತ್ತಿರಲಿಲ್ಲ. ಹಿಂದಿನ ಸಂದಿಯಿಂದ ನುಸುಳಿ ಸುರಂಗ ರೈಲಿನ ನಿಲ್ದಾಣಕ್ಕೆ ಹೋಗುತ್ತಿದ್ದ. ಮುದುಕರಿಗೆ ರೈಲು ಪುಕ್ಕಟೆ. ಒಂದು ತುದಿಯ ಮುನ್‌ಯಾಂಗ್‌ವರೆಗೆ ಹೋಗಿ, ಅಲ್ಲಿಂದ ಇನ್ನೊಂದು ತುದಿಗೆ ಬಂದು, ಬಿಸಿಲು ಇಳಿಯುವವರೆಗೆ ತಂಪಿನಲ್ಲಿ ಕೂತಿರುತ್ತಿದ್ದ. ಮೂರು ಬೇಸಿಗೆಗಳ ಹಿಂದೆ ಒಂದು ಮಧ್ಯಾಹ್ನ ತಾರಸಿಯ ಮೇಲೆ ಕಣ್ಣು ಕತ್ತಲಿಟ್ಟು ನೀರಿನ ಟ್ಯಾಂಕನ್ನು ತಬ್ಬಿಕೊಂಡು ಉಳಿದ ದಿನದಿಂದ ಇದು ಶುರುವಾಗಿತ್ತು. ಟ್ಯಾಂಕು ತಬ್ಬಿಕೊಂಡಾಗಲೂ ಅವನಿಗೆ ಬಂದ ಮೊದಲ ಯೋಚನೆ ಜೀವದ್ದಲ್ಲ, ಎದುರು ತಾರಸಿಯಿಂದ ಯಾರಾದರೂ ನೋಡಿದರೇ ಎಂಬುದು. ಮನುಷ್ಯ ಅಷ್ಟರಮಟ್ಟಿಗೆ ಮೂರ್ಖ ಎಂದು ಅವನೇ ಆಮೇಲೆ ರೈಲಿನಲ್ಲಿ ಕೂತು ಅಂದುಕೊಂಡ. ಕೂತದ್ದು ತಂಪಿನಲ್ಲಾದ್ದರಿಂದ ಆ ಬೈಗುಳ ಅಷ್ಟೇನೂ ನೋಯಲಿಲ್ಲ.

ಮೆಣಸಿನಕಾಯಿ ಮಗುಚುತ್ತಿದ್ದವಳು ಹೆಂಡತಿ ದಲ್‌ಸುನ್. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಒಮ್ಮೆ, ಸಂಜೆ ಒಮ್ಮೆ.

"ಹೆಸರು ನಿಮಗೆ, ಸೊಂಟನೋವು ನನಗೆ," ಅನ್ನುತ್ತಿದ್ದಳು. "ನಾನು ಸತ್ತರೆ ನಿಮ್ಮ ಸೆಕೆ ತಡೆಯೋ ಶಕ್ತೀನೂ ನನ್ನ ಜೊತೇಲೇ ಹೂಳ್ತಾರೆ."

ಎದುರು ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಮೋ ದೊಕ್‌ಪಾಲ್ ಬಾಡಿಗೆಗಿದ್ದ. ಗಿಲ್‌ಸುವಿನ ವಯಸ್ಸಿನವನೇ, ಹೆಂಡತಿ ಇಲ್ಲ, ಮಗಳು ದೂರದ ಊರಿನಲ್ಲಿ. ಗಾಂಗ್‌ವನ್ ಕಡೆಯ ತಂಪು ಬೆಟ್ಟದ ಊರಿನಿಂದ ಯೌವನದಲ್ಲೇ ಬಂದು ಇಲ್ಲಿ ನೆಲೆಸಿದವನು. ಆ ಕಡೆಯವರನ್ನು ಆಲೂಗಡ್ಡೆ ಎಂದು ಚುಡಾಯಿಸುವುದು ರೂಢಿ. ನಲವತ್ತು ವರ್ಷವಾದರೂ ಗಿಲ್‌ಸು ಅದನ್ನು ಬಿಟ್ಟಿರಲಿಲ್ಲ.

"ಏನೋ ಆಲೂಗಡ್ಡೆ, ಬೆಂದ್ಯಾ?" ಎಂದು ಬೆಳಿಗ್ಗೆ ತನ್ನ ತಾರಸಿಯಿಂದ ಕೇಳುವನು.

"ಬಾಯ್ಲರ್ ಆರಿಹೋದ ಮೇಲೆ ಬೇಯೋದು ಹೇಗೋ," ಎಂದು ಆ ಕಡೆಯಿಂದ ದೊಕ್‌ಪಾಲ್.

ಆ ವರ್ಷ ದೊಕ್‌ಪಾಲನೂ ಮಗಳಿಗೆ ಕಳಿಸಲೆಂದು ಮೆಣಸಿನಕಾಯಿ ಒಣಗಿಸಲು ಹಾಕಿದ. ಕೋಳಿಯ ಹೊಟ್ಟೆಗೆ ಅಕ್ಕಿ, ಜಿನ್ಸೆಂಗ್ ಬೇರು ತುಂಬಿ ಕುದಿಸಿದ ಸಾರನ್ನು ಕಡುಬೇಸಿಗೆಯ ದಿನದಂದೇ ಕುದಿಕುದಿಯಾಗಿ ಕುಡಿಯಬೇಕು ಎಂಬ ಪದ್ಧತಿಯಂತೆ ಹಿರಿಯರ ಮನೆಯಲ್ಲಿ ಎಲ್ಲರೂ ಕೂತಿದ್ದಾಗ, ಅವನು ಬೆವರು ಒರೆಸಿಕೊಳ್ಳುತ್ತ ಹೇಳಿದ: "ನಾಳೆಯಿಂದ ನಾನೂ ಮಧ್ಯಾಹ್ನವೇ ಮಗುಚ್ತೀನಿ. ಇವನಿಗೆ ಆಗೋದು ನನಗಾಗಲ್ವಾ?"

ಇದು ಗಿಲ್‌ಸುವಿಗೆ ಎಚ್ಚರ ಹೇಳಬೇಕಾದ ಹೊತ್ತು. ಅವನು ಹೇಳಿದ್ದು ಬೇರೆ.

"ನೋಡೋಣ. ಆಲೂಗಡ್ಡೆ ಸಿಪ್ಪೆ ಸುಲಿದು ಬಂದ್ರೆ ಉಪ್ಪು ನಾನು ತರ್ತೀನಿ."

ಎಲ್ಲರೂ ನಕ್ಕರು. ಚೆನ್ನಾಗಿ ಹೇಳಿದೆ ಎಂದು ಗಿಲ್‌ಸುವಿಗೂ ಅನಿಸಿತು. ಮರುದಿನ ರೈಲಿನಲ್ಲಿ ಕೂತಾಗಲೂ ಆ ಮಾತನ್ನು ನೆನೆದು ಒಬ್ಬನೇ ಸ್ವಲ್ಪ ನಕ್ಕ.

ಒಂದು ವಾರದ ನಂತರ ಸಂಜೆ ಅವನು ನಿಲ್ದಾಣದಿಂದ ಮೇಲೆ ಬರುವಾಗ ದೊಡ್ಡ ಹನಿಗಳ ಮಳೆ ಬಿತ್ತು. ಓಣಿಯ ತಾರಸಿಗಳ ಮೇಲೆಲ್ಲ ಓಡಾಟ, ಪ್ಲಾಸ್ಟಿಕ್ ಹಾಳೆ ಎಳೆಯುವ ಸದ್ದು. ಅವನು ತನ್ನ ತಾರಸಿಗೆ ಹತ್ತುವಷ್ಟರಲ್ಲಿ ದಲ್‌ಸುನ್ ಎಲ್ಲವನ್ನೂ ಮುಚ್ಚಿಯಾಗಿತ್ತು. ಅವಳು ಎದುರು ತಾರಸಿಯನ್ನೇ ನೋಡುತ್ತ ನಿಂತಿದ್ದಳು.

"ರೀ, ಅಲ್ನೋಡಿ. ಅವರ ಮೆಣಸಿನಕಾಯಿ ನೆನೀತಾ ಇದೆ."

ಮೆಣಸಿನಕಾಯಿ ನೆನೆಯಲು ಬಿಡುವವರು ಆ ಓಣಿಯಲ್ಲಿ ಇರಲಿಲ್ಲ. ಸ್ನಾನಕ್ಕೆ ಕೂತವರು ಟವಲ್ ಸುತ್ತಿಕೊಂಡಾದರೂ ಓಡಿ ಬರುತ್ತಿದ್ದರು. ಗಿಲ್‌ಸು "ದೊಕ್‌ಪಾಲ್" ಎಂದು ಎರಡು ಸಲ ಕೂಗಿದ. ಆಮೇಲೆ ಕೂಗದೆ ಮೆಟ್ಟಿಲಿಳಿದು ಓಡಿದ. ತಾನು ಓಡಬಲ್ಲೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಕೋಣೆಯ ಬಾಗಿಲೂ ಕಿಟಕಿಯೂ ಮುಚ್ಚಿದ್ದವು. ತೆರೆದರೆ ಒಳಗಿನಿಂದ ಬಂದ ಗಾಳಿ ಬಾಯ್ಲರಿನ ಬಾಗಿಲು ತೆರೆದಾಗ ಬರುವಂಥದ್ದೇ. ದೊಕ್‌ಪಾಲ್ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಮೈ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಪಕ್ಕದಲ್ಲೇ ಫ್ಯಾನು ನಿಂತಿತ್ತು. ಅದರ ವೈರನ್ನು ಕಿತ್ತು ಅಂದವಾಗಿ ಸುತ್ತಿಟ್ಟಿದ್ದ.

"ಫ್ಯಾನ್ ಯಾಕೋ ಹಾಕ್ಲಿಲ್ಲ?" ಎಂದು ಗಿಲ್‌ಸು ಅವನ ಕೆನ್ನೆ ತಟ್ಟುತ್ತ ಕೇಳಿದ.

ದೊಕ್‌ಪಾಲನ ನಾಲಿಗೆ ತೊದಲುತ್ತಿತ್ತು. "ಹೊರಗಿಂದ... ಬಿಸಿ ಗಾಳಿ. ಬಾಗಿಲು ಹಾಕ್ದೆ. ಬಾಗಿಲು ಹಾಕಿ ಫ್ಯಾನ್ ಹಾಕಿದ್ರೆ... ಸಾಯ್ತೀವಲ್ಲ."

ಮುಚ್ಚಿದ ಕೋಣೆಯಲ್ಲಿ ಫ್ಯಾನು ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಹೆಣ ಎಂದು ಗಿಲ್‌ಸುವಿಗೂ ಅವನ ತಾಯಿ ಹೇಳಿದ್ದಳು. ಅವನು ತನ್ನ ಮಕ್ಕಳಿಗೆ ಹೇಳಿದ್ದ. ಇವತ್ತಿಗೂ ಫ್ಯಾನಿನ ಟೈಮರ್ ತಿರುಗಿಸಿ ಅರ್ಧ ಗಂಟೆಗೆ ಫ್ಯಾನು ನಿಲ್ಲುವಂತೆ ಮಾಡಿಯೇ ಮಲಗುತ್ತಿದ್ದ. ಮೂರು ರೆಕ್ಕೆಯ ಪ್ಲಾಸ್ಟಿಕ್ಕಿಗೆ ಹೆದರುವ ಜನ ತಾವು, ಆಕಾಶದಲ್ಲಿರುವುದಕ್ಕೆ ಹೆದರುವುದಿಲ್ಲ.

ಫೋನ್ ಮಾಡಿದಾಗ ತುರ್ತು ಸಹಾಯದ ಹುಡುಗಿ ಹೇಳಿದಳು: "ತಾತ, ಬಾಯಿಗೆ ನೀರು ಹಾಕಬೇಡಿ. ಮೈಮೇಲೆ ನೀರು ಹಾಕಿ, ಫ್ಯಾನ್ ಹಚ್ಚಿ. ಗಾಡಿ ಹೊರಟಿದೆ."

"ಫ್ಯಾನಾ?"

"ಹೌದು ತಾತ, ಫ್ಯಾನು. ಜೋರಾಗಿ."

ಗಿಲ್‌ಸು ಬಾಗಿಲನ್ನು ಪೂರ್ತಿ ತೆರೆದ, ಕಿಟಕಿಯನ್ನೂ ತೆರೆದ, ಆಮೇಲೇ ವೈರು ಬಿಚ್ಚಿ ಚುಚ್ಚಿ ಫ್ಯಾನಿನ ಗುಂಡಿ ಒತ್ತಿದ. ಆ ಗಳಿಗೆಯಲ್ಲೂ ಕಿಟಕಿ ತೆರೆಯಲು ತಾನು ಖರ್ಚು ಮಾಡಿದ ಹೊತ್ತನ್ನು ನೆನೆದರೆ ಅವನಿಗೆ ಈಗಲೂ ಮುಖ ಬಿಸಿಯಾಗುತ್ತದೆ. ಹಿಂದೆಯೇ ಬಂದ ದಲ್‌ಸುನ್ ಬಕೆಟಿನಿಂದ ನೀರು ಸುರಿದಳು. ಸ್ವಲ್ಪ ಹೊತ್ತಿಗೆ ದೊಕ್‌ಪಾಲ್ ಕಣ್ಣು ಬಿಟ್ಟ. ಕೆಳಗೆ ಆಂಬುಲೆನ್ಸಿನ ಸದ್ದು ಕೇಳಿದ್ದೇ ತಡ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ನಾನು ಹೋಗಲ್ಲ."

"ಹುಚ್ಚಾ ನಿಂಗೆ?"

"ಸೆಕೆಗೆ ಬಿದ್ದ ಅಂತಾರೆ."

"ಯಾರೋ ಅನ್ನೋದು?"

"ನೀನೇ ಅಂತೀಯ. ಆಲೂಗಡ್ಡೆ ಬೆಂತು ಅಂತ ಓಣಿಗೆಲ್ಲ ಸಾರ್ತೀಯ. ನೀನು ದಿನಾ ಹತ್ತಲ್ವಾ? ನಾನು ಬರೋಷ್ಟರಲ್ಲಿ ಮಗುಚಿ ಇಳಿದಿರ್ತೀಯ. ನಾನೂ... ಏಳೇ ದಿನ ಹತ್ತಿದ್ದು."

ಬಂದವರು ಇಬ್ಬರು ಯುವಕರು. ಮುದುಕ ಒಪ್ಪದೆ ಚೌಕಟ್ಟು ಬಿಡುತ್ತಿಲ್ಲ, ಕಿರಿದಾದ ಮೆಟ್ಟಿಲಿನಲ್ಲಿ ಎಳೆದಾಡಿದರೆ ಬೀಳುತ್ತಾನೆ. ಅವರಿಗೂ, ದಲ್‌ಸುನ್‌ಗೂ, ಮೆಟ್ಟಿಲಲ್ಲಿ ಸೇರಿದ್ದ ಮನೆಯೊಡತಿಗೂ ಕೇಳುವಂತೆ ಗಿಲ್‌ಸು ಹೇಳಬೇಕಾಯಿತು.

"ನಾನು ಹತ್ತಲ್ಲ ಕಣೋ. ಮೂರು ವರ್ಷದಿಂದ ಹತ್ತಿಲ್ಲ. ರೈಲಲ್ಲಿ ಕೂತಿರ್ತೀನಿ."

"ಮತ್ತೆ ಮೆಣಸಿನಕಾಯಿ?"

"ಇವಳು ಮಗುಚ್ತಾಳೆ. ಬೆಳಿಗ್ಗೆ."

ದೊಕ್‌ಪಾಲ್ ದಲ್‌ಸುನ್ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವನ ಬೆರಳುಗಳು ಚೌಕಟ್ಟಿನಿಂದ ಸಡಿಲಾದವು.

ಆಸ್ಪತ್ರೆಯಿಂದ ಅವನು ಮೂರನೇ ದಿನ ಬಂದ. ಇನ್ನೊಂದು ಗಂಟೆ ತಡವಾಗಿದ್ದರೆ ಬರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಿಲ್‌ಸು ಅವನನ್ನು ಹಿರಿಯರ ಮನೆಗೆ ಕರೆದುಕೊಂಡು ಹೋಗಿ, ಎಲ್ಲರ ಮುಂದೆ ತಾನೇ ಮಾತು ತೆಗೆದ. ಮಾನ ಹೋಗುವುದಾದರೆ ಒಂದೇ ಸಲ ಹೋಗಲಿ ಎಂದು ರಾತ್ರಿಯೆಲ್ಲ ಅಭ್ಯಾಸ ಮಾಡಿಕೊಂಡಿದ್ದ.

"ನನಗೆ ಸೆಕೆ ತಡೆಯೋಕಾಗಲ್ಲ. ಮಧ್ಯಾಹ್ನ ನಾನು ಹೋಗ್ತಿದ್ದದ್ದು ರೈಲಿಗೆ. ಯಾರೂ ಮಧ್ಯಾಹ್ನ ತಾರಸಿ ಹತ್ತಬೇಡಿ."

ಅಲ್ಲಿನ ಹಿರಿಯ, ಹಿಂದೆ ಮೇಷ್ಟರಾಗಿದ್ದ ಚೇ ಎಂಬವರು ನಿಧಾನವಾಗಿ ತಲೆದೂಗಿದರು.

"ನೋಡ್ರಪ್ಪ. ಸ್ನೇಹಿತನ ಮುಖ ಸಣ್ಣದಾಗಬಾರದು ಅಂತ ತನ್ನ ಹೆಸರನ್ನೇ ಕೆಡಿಸ್ಕೊಳ್ತಿದಾನೆ. ದೊಡ್ಡತನ ಅಂದ್ರೆ ಇದು."

"ನಿಜವಾಗ್ಲೂ ಮೇಷ್ಟ್ರೇ, ರೈಲಲ್ಲಿ—"

"ಆಯ್ತಪ್ಪ, ಆಯ್ತು. ರೈಲಲ್ಲೇ." ಅವರು ಉಳಿದವರ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಯಾರೋ ಗಿಲ್‌ಸುವಿನ ಬೆನ್ನು ತಟ್ಟಿದರು. ಹೆಂಗಸರ ಕೋಣೆಯಿಂದ ಒಬ್ಬಳು ಕಲ್ಲಂಗಡಿ ಹೋಳು ತಂದು ದೊಡ್ಡದನ್ನು ಅವನಿಗೇ ಕೊಟ್ಟಳು. ಇಷ್ಟು ವರ್ಷ ಸುಳ್ಳು ಹೇಳಿ ಗಳಿಸಿದ್ದಕ್ಕಿಂತ ಹೆಚ್ಚು ಗೌರವ ಅವನಿಗೆ ಒಂದೇ ಒಂದು ನಿಜ ಹೇಳಿದ್ದಕ್ಕೆ ಸಿಕ್ಕಿತು. ಇದನ್ನು ಹಿಂದಿರುಗಿಸುವುದು ಹೇಗೆ ಎಂದು ತಿಳಿಯದೆ ಕಲ್ಲಂಗಡಿ ಹಿಡಿದು ಕೂತ.

ಹೊರಗೆ ಬಂದ ಮೇಲೆ ದೊಕ್‌ಪಾಲ್ ಕೇಳಿದ: "ಮೇಷ್ಟ್ರು ಹೇಳಿದ್ದು ನಿಜಾನಾ? ಅವತ್ತು ನನ್ನ ಕೆಳಗಿಳಿಸೋಕೆ ಅಂದದ್ದಾ?"

"ಅಲ್ಲವೋ."

"ಹಾಗಾದ್ರೆ ದಲ್‌ಸುನ್ ಅತ್ತಿಗೇನೂ ನಿನ್ನ ಸುಳ್ಳಿಗೆ ತಲೆ ಆಡಿಸಿದ್ರು ಅನ್ನು." ಅವನು ತನ್ನ ತಾರಸಿಯ ಕಡೆ ತಲೆಯೆತ್ತಿ ನೋಡಿದ. "ಮಗಳಿಗೆ ಕಳಿಸೋಕೆ ಒಂದು ಹಿಡಿ ಮೆಣಸಿನಕಾಯೂ ಉಳೀಲಿಲ್ಲ. ಸಂತೆಯಿಂದ ತಂದು ಮತ್ತೆ ಹರಡಬೇಕು. ನಿನಗಾದ್ರೆ ನನಗೂ ಆಗುತ್ತೆ. ಅವತ್ತು ಬಾಗಿಲು ಹಾಕಿದ್ದೇ ತಪ್ಪು."

ಈ ಮನುಷ್ಯ ಮತ್ತೆ ಹತ್ತುತ್ತಾನೆ, ಈ ಸಲ ಮಳೆ ಬರುತ್ತದೆ ಎಂಬ ನಂಬಿಕೆಯಿಲ್ಲ. ಗಿಲ್‌ಸು ದೊಕ್‌ಪಾಲನ ತೋಳು ಹಿಡಿದುಕೊಂಡ.

"ನಾಳೆ ಬೆಳಿಗ್ಗೆ ನನ್ನ ಜೊತೆ ಬಾ. ಬಂದು ನೋಡಿ ಆಮೇಲೆ ಬೇಕಾದ್ರೆ ಹತ್ತು."

ಮರುದಿನ ಬಿಸಿಲು ನೆತ್ತಿಗೇರುವ ಮೊದಲೇ ಇಬ್ಬರೂ ನಿಲ್ದಾಣಕ್ಕೆ ಹೋದರು. ಮುನ್‌ಯಾಂಗ್ ಕಡೆಯ ರೈಲು ಬಂತು. ಗಿಲ್‌ಸು ಕೊನೆಯ ಡಬ್ಬಿಗೆ ಹತ್ತಿದ, ಹಿಂದೆ ದೊಕ್‌ಪಾಲ್. ಮೂಲೆಯ ಹಿರಿಯರ ಸೀಟಿನಲ್ಲಿ ಕಾಲುಚಾಚಿ ಕೂತಿದ್ದ ಮುದುಕಿಯೊಬ್ಬಳು ಗಿಲ್‌ಸುವನ್ನು ನೋಡಿದ ಕೂಡಲೇ ಪಕ್ಕದಲ್ಲಿಟ್ಟಿದ್ದ ತನ್ನ ಚೀಲವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಬನ್ನಿ ಅಣ್ಣ. ನಾಲ್ಕು ದಿನದಿಂದ ಪತ್ತೇನೇ ಇಲ್ಲ. ಈ ಸೆಕೆಗೆ ನೀವು ಹೋಗೇಬಿಟ್ರಿ ಅಂದ್ಕೊಂಡ್ವಿ." ಎದುರು ಸೀಟಿನ ಮುದುಕನ ಕಡೆ ತಿರುಗಿ, "ಬಂದ್ರು ನೋಡಿ, ನಮ್ಮ ಬೆಣ್ಣೆ ಅಣ್ಣ," ಅಂದಳು.

"ಬೆಣ್ಣೆ ಅಂದ್ರೆ?" ಎಂದ ದೊಕ್‌ಪಾಲ್.

"ಮತ್ತಿನ್ನೇನು. ಮುನ್‌ಯಾಂಗಲ್ಲಿ ರೈಲು ಬದಲಾಯಿಸೋಕೆ ಎರಡು ನಿಮಿಷ ಹೊರಗೆ ನಿಂತ್ರೆ ಸಾಕು, ಅಯ್ಯೋ ಕರಗಿದೆ, ಅಯ್ಯೋ ಹೋದೆ ಅಂತ ಗೋಳಾಡ್ತಾರೆ. ಇಷ್ಟು ಸೆಕೆ ತಡೀದ ಗಂಡಸನ್ನ ನಾನಂತೂ ಕಂಡಿಲ್ಲಪ್ಪ."

ಗಿಲ್‌ಸು ಬಾಗಿಲಿನ ಮೇಲಿನ ನಿಲ್ದಾಣಗಳ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದ. ದೊಕ್‌ಪಾಲ್ ಮುದುಕಿ ಖಾಲಿ ಮಾಡಿದ ಜಾಗದಲ್ಲಿ ಹೋಗಿ ಕೂತ, ಟೋಪಿ ತೆಗೆದ, ತಲೆಯ ಮೇಲೆ ಬೀಳುತ್ತಿದ್ದ ತಣ್ಣನೆಯ ಗಾಳಿಗೆ ಕಣ್ಣು ಮುಚ್ಚಿದ. ಎರಡು ನಿಲ್ದಾಣ ಕಳೆದ ಮೇಲೆ ಕಣ್ಣು ತೆರೆಯದೆಯೇ ಕೇಳಿದ.

"ಅಕ್ಕ, ನೀವು ದಿನಾ ಎಷ್ಟು ಹೊತ್ತಿಗೆ ಬರ್ತೀರಿ?"

"ಹತ್ತಕ್ಕೆ. ಯಾಕೆ?"

"ನಾಳೆ ಎರಡು ಜಾಗ ಹಿಡೀರಿ," ಅಂದ ದೊಕ್‌ಪಾಲ್.

ಇವತ್ತಿಗೆ ಜಾಗ ಒಂದೇ ಇತ್ತು. ಗಿಲ್‌ಸು ಮೇಲಿನ ಹಿಡಿಕೆ ಹಿಡಿದುಕೊಂಡು ಮುನ್‌ಯಾಂಗ್‌ವರೆಗೂ ನಿಂತೇ ಹೋದ.